ಅಂಟವಾಳದ ನೊರೆ, ನಾಲ್ಕನೆಯ ತೂತು

ಭಾವನ ಮೌತ್ ಆರ್ಗನ್ ತೊಳೆಯುವ ಕೆಲಸ ನಾನಾಗಿ ಬೇಡಿ ಪಡೆದದ್ದಲ್ಲ. ಅದು ನಮ್ಮ ಅವ್ವನ ಅಪ್ಪಣೆ. ಬ್ಯಾಂಕಿನಲ್ಲಿ ಮ್ಯಾನೇಜರ್ ಎದುರು ನಾಲ್ಕು ಮಾತು ಹೆಚ್ಚೇ ಆಡುವವನು ನಾನು. ಅವ್ವನ ಎದುರು ಮಾತ್ರ ನನ್ನ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ನಾನು ವಿಜಯಪುರದಿಂದ ವರ್ಗವಾಗಿ ಸಂಭಾಜಿನಗರಕ್ಕೆ ಬಂದವನು. ಚಿಕಲಠಾಣಾದಲ್ಲಿ ಒಂದು ಕೋಣೆ, ಒಂದು ಕುಕ್ಕರು, ನನ್ನ ಮದುವೆಯ ಚಿಂತೆಯನ್ನು ಊರವರೆಲ್ಲ ಕೈಬಿಟ್ಟ ವಯಸ್ಸು. ಅಕ್ಕ ಮತ್ತು ಭಾವ ಇರುವುದು ನಾಸಿಕದ ಹತ್ತಿರ ಓಝರ್‌ನಲ್ಲಿ. ಭಾವ ಅಲ್ಲಿಯ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್ ಆಗಿದ್ದು ನಿವೃತ್ತರಾದವರು. ಅವ್ವ ಅವರ ಮನೆಯಲ್ಲೇ ಇದ್ದಾಳೆ. ಹದಿನೈದು ದಿನಕ್ಕೊಮ್ಮೆ ಶನಿವಾರ ನಾನು ವೈಜಾಪುರ, ಯೇವಲಾ ದಾಟಿ, ಲಾಸಲಗಾಂವ್ ಕಡೆಯ ಈರುಳ್ಳಿ ಲಾರಿಗಳ ಹಿಂದೆ ತೆವಳುವ ಬಸ್ಸಿನಲ್ಲಿ ಕೂತು ಸಂಜೆಯ ಚಹಾದ ಹೊತ್ತಿಗೆ ಅಲ್ಲಿಗೆ ಮುಟ್ಟುತ್ತೇನೆ. ಕೈಯಲ್ಲಿ ಒಂದು ಚೀಲ ಅಂಟವಾಳಕಾಯಿ ಇರಲೇಬೇಕು.

ಅಂಟವಾಳ ಯಾಕೆಂದರೆ, ಅವ್ವನ ಪ್ರಕಾರ ಮೌತ್ ಆರ್ಗನ್ ಒಂದು ಎಂಜಲ ವಾದ್ಯ.

"ತಬಲಾಕ್ಕ ಕೈ, ಹಾರ್ಮೋನಿಯಂ ಪೇಟಿಗೂ ಕೈ. ಇದಕ್ಕೊಂದಕ್ಕs ಬಾಯಿ," ಎನ್ನುತ್ತಿದ್ದಳು. "ಊದಿದ್ದ ಎಂಜಲಾ ಎಲ್ಲಾ ಅದರ ಹೊಟ್ಟಿಯೊಳಗs ಉಳೀತದ. ಹದಿನೈದು ದಿನಕ್ಕೊಮ್ಮೆ ತೊಳೀಬೇಕು. ಅಂಗಡಿ ಸಾಬಾಣ ಬ್ಯಾಡ, ಅದರಾಗ ಏನೇನು ಚರ್ಬಿ ಹಾಕಿರ್ತಾರೋ ಏನೋ."

ಅವಳ ಅಂಟವಾಳ ಬರುವುದು ಪೈಠಣದಿಂದ. ಅಲ್ಲಿ ಪೈಠಣಿ ಸೀರೆಯನ್ನು ಇದೇ ಕಾಯಿಯ ನೀರಿನಲ್ಲಿ ತೊಳೆದುಕೊಡುವ ಒಬ್ಬ ಹೆಂಗಸು ನಮ್ಮ ಬ್ಯಾಂಕಿನ ಗಿರಾಕಿ. ಪೈಠಣಿಯ ಜರಿಗೆ ಆಗದ ಕೇಡು ಹಿತ್ತಾಳೆಗೆ ಆಗುವುದುಂಟೇ ಎಂಬುದು ಅವ್ವನ ವಾದ. ಪುಣೆಯಲ್ಲಿ ಓದುವ ನನ್ನ ಸೋದರಸೊಸೆಗೆ ಈ ಕಥೆ ಕೇಳಿ ಎಲ್ಲಿಲ್ಲದ ಹೆಮ್ಮೆ. "ಮಾಮಾ, ಆಜಿ ಕಿತ್ತೀ ಇಕೋ-ಫ್ರೆಂಡ್ಲಿ ಇದ್ದಾಳ!" ಎಂದು ಫೋನಿನಲ್ಲಿ ಮೂರು ಭಾಷೆ ಕಲಸಿ ಕೂಗಿದಳು. ಆಜಿಗೆ ಪರಿಸರದ ಚಿಂತೆ ಏನೂ ಇಲ್ಲ, ಮಡಿಯ ಚಿಂತೆ ಎಂದು ನಾನು ಬಿಡಿಸಿ ಹೇಳಲು ಹೋಗಲಿಲ್ಲ.

ಅವ್ವನೂ ಭಾವನೂ ನೇರವಾಗಿ ಮಾತಾಡುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಜಗಳವೇನಲ್ಲ, ಮರ್ಯಾದೆ. ಅಳಿಯನ ಎದುರು ಅತ್ತೆ ಕುರ್ಚಿಯ ಮೇಲೆ ಕೂಡಬಾರದು, ಮುಖ ನೋಡಿ ಮಾತಾಡಬಾರದು ಎಂದು ಅವಳಿಗೆ ಅವಳ ಅತ್ತೆ ಹೇಳಿಕೊಟ್ಟಿದ್ದಾಳಂತೆ. ಹೀಗಾಗಿ ಭಾವ ಮೂರು ಅಡಿ ದೂರದಲ್ಲಿ ಕೂತಿದ್ದರೂ ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಾಳೆ. "ಅವರಿಗೆ ಇನ್ನೊಂದು ಸ್ವಲ್ಪ ಚಹಾ ಬೇಕೇನು ಕೇಳು." ಭಾವನೂ ನನ್ನನ್ನೇ ನೋಡಿ, "ಅರ್ಧಾ ಕಪ್ ಸಾಕಂತ ಹೇಳು," ಎನ್ನುತ್ತಾರೆ. ನಾನು ಏನೂ ಹೇಳುವುದಿಲ್ಲ. ಅರ್ಧ ಕಪ್ ಬರುತ್ತದೆ. ನಾನು ಇಲ್ಲದ ದಿನ ಅವರಿಬ್ಬರೂ ಗೋಡೆಯ ಮೇಲಿನ ಕ್ಯಾಲೆಂಡರ್ ಜೊತೆ ಮಾತಾಡುತ್ತಾರೆ ಎಂದು ಅಕ್ಕ ಹೇಳುತ್ತಾಳೆ, ನಾನು ನಂಬುತ್ತೇನೆ.

ಭಾವನ ಮೊದಲಿನ ಮೌತ್ ಆರ್ಗನ್ನಿನ ಒಳಗಿನ ಭಾಗ ಮರದ್ದಾಗಿತ್ತು. ಅದರ ಹಿತ್ತಾಳೆಯ ತಗಡು ಕಪ್ಪಾದದ್ದನ್ನು ಅವ್ವ ಒಂದು ದಿನ ಕಂಡಳು. ಹಿತ್ತಾಳೆ ಎಂದರೆ ಅವಳಿಗೆ ಗೊತ್ತಿರುವುದು ಒಂದೇ ಮದ್ದು. ಆರತಿತಟ್ಟೆ, ದೀಪದ ಸಮೆ, ಗಂಟೆಗಳ ಸಾಲಿನಲ್ಲಿ ಅದನ್ನೂ ಸೇರಿಸಿ ಇಡೀ ದಿನ ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿದಳು. ಮರ ಉಬ್ಬಿ ಬಿರುಕು ಬಿಟ್ಟಿತು. ಹಿತ್ತಾಳೆ ಮಾತ್ರ ಫಳಫಳ ಹೊಳೆಯುತ್ತಿತ್ತು. ಭಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಕಡೆ ತಿರುಗಿ, "ಇರ್ಲಿ, ಅದೂ ಹಳೇದಾಗಿತ್ತಂತ ಹೇಳು," ಎಂದರು. ಆಮೇಲೆ ತಂದದ್ದು ಈ ಪ್ಲಾಸ್ಟಿಕ್ ಒಡಲಿನ ಹತ್ತು ತೂತಿನದು. ನೀರಿಗೆ ಹೆದರುವುದಿಲ್ಲ.

ಇದನ್ನು ತೊಳೆಯುವ ಕ್ರಮವನ್ನು ಭಾವ ನನಗೆ ಕಾರ್ಖಾನೆಯ ಶಿಸ್ತಿನಲ್ಲಿ ಕಲಿಸಿದರು. ಅವರ ಕೈ ಈಗೀಗ ಸಣ್ಣಗೆ ನಡುಗುತ್ತದೆ, ಹತ್ತಿರದ ಸ್ಕ್ರೂ ಕಣ್ಣಿಗೆ ಸಿಗುವುದಿಲ್ಲ. ಆದ್ದರಿಂದ ಕೈ ನನ್ನದು, ಕಣ್ಣೂ ನನ್ನದು, ಬಾಯಿ ಅವರದು. ಅಂಟವಾಳದ ಬೀಜ ತೆಗೆದು ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಸಿ ಕಿವುಚಬೇಕು. ಸ್ಕ್ರೂ ಬಿಚ್ಚಿ ಮೇಲಿನ ಮುಚ್ಚಳ, ಒಳಗಿನ ತಗಡು ಬೇರೆ ಮಾಡಬೇಕು. ತಗಡಿನ ಮೇಲೆ ಸಾಲಾಗಿ ಹಿತ್ತಾಳೆಯ ತೆಳು ನಾಲಗೆಗಳಿರುತ್ತವೆ. ಉಸಿರು ತಾಗಿದಾಗ ನಡುಗಿ ಸ್ವರ ಹೊರಡಿಸುವುದು ಅವೇ. ಮೆತ್ತನೆಯ ಬ್ರಷ್ಷನ್ನು ಆ ನಾಲಗೆಯ ಉದ್ದಕ್ಕೆ ಎಳೆಯಬೇಕೇ ಹೊರತು ಅಡ್ಡಕ್ಕಲ್ಲ. ಬಳಿಕ ಶುದ್ಧ ನೀರಿನಲ್ಲಿ ಜಾಲಿಸಿ, ನೆರಳಲ್ಲಿ ಒಣಗಿಸಿ, ಮತ್ತೆ ಜೋಡಿಸಬೇಕು.

ಎರಡು ಸಲ ನಾನು ಹಾಗೆಯೇ ಮಾಡಿದೆ. ಮೂರನೆಯ ಸಲ ಒಂದು ಸ್ಕ್ರೂ ಉರುಳಿ ಮೋರಿಯ ಜಾಲರಿಯ ತನಕ ಹೋಯಿತು. ಅಂದಿನಿಂದ ನನ್ನದೇ ಸುಲಭದ ಕ್ರಮ ಶುರುವಾಯಿತು. ಇಡಿಯ ವಾದ್ಯವನ್ನು ನೊರೆಯಲ್ಲಿ ಮುಳುಗಿಸುವುದು, ನಳದ ಕೆಳಗೆ ಹಿಡಿಯುವುದು, ಅಂಗೈಗೆ ನಾಲ್ಕು ಏಟು ಹಾಕುವುದು, ಒರೆಸುವುದು. "ಬಿಚ್ಚಿ ತೊಳದೇನು?" ಎಂದು ಭಾವ ಪ್ರತಿ ಸಲವೂ ಕೇಳುತ್ತಿದ್ದರು. "ಹೂಂ ಭಾವಾ, ಒಂದೊಂದೂ ಬಿಚ್ಚಿ," ಎಂದು ನಾನು ಕಣ್ಣು ಮಿಟುಕಿಸದೆ ಹೇಳುತ್ತಿದ್ದೆ. ಈ ಸುಳ್ಳು ಯಾರಿಗೂ ಕೇಡು ಮಾಡದು ಎಂದುಕೊಂಡಿದ್ದೆ.

ಹೋದ ಮಳೆಗಾಲದಲ್ಲಿ ಭಾವನಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಡಾಕ್ಟರು, ಮೌತ್ ಆರ್ಗನ್ ಊದಿರಿ, ಉಸಿರಿಗೆ ಒಳ್ಳೆಯದು ಎಂದರು. ಭಾವ ಒಂದು ತಿಂಗಳು ಬಿಟ್ಟು ಮೆಲ್ಲಗೆ ಶುರು ಮಾಡಿದರು. ಸಂಜೆ ಐದಕ್ಕೆ ಸರಿಯಾಗಿ ವರಾಂಡದಲ್ಲಿ ಕೂತು ಒಂದು ಹಳೆಯ ಸಿನಿಮಾ ಧಾಟಿ ನುಡಿಸುವುದು ಅವರ ಬಹುಕಾಲದ ರೂಢಿ. ಪ್ರೇಮಿಗಳು ದೋಣಿಯಲ್ಲಿ ಹೋಗುವಾಗಿನ ಧಾಟಿ ಅದು. ಅದರ ನಡುವೆ ಒಂದು ತಿರುವು ಅವರಿಗೆ ಎಂದೂ ಸರಿಯಾಗಿ ಸಿಕ್ಕಿಲ್ಲ, ಅಲ್ಲಿ ಎಡವಿ ಮುಂದೆ ಹೋಗುತ್ತಾರೆ. ಈಗ ಅದರ ಮೇಲೆ ಹೊಸದೊಂದು ತೊಂದರೆ ಸೇರಿತು. ನಾಲ್ಕನೆಯ ತೂತು ಊದಿದರೆ ಸದ್ದೇ ಬರದು. ಅದೇ ಷಡ್ಜ. ಅದಿಲ್ಲದೆ ಯಾವ ಧಾಟಿಯೂ ಮನೆ ಸೇರುವುದಿಲ್ಲ.

ಅಕ್ಟೋಬರಿನ ಆ ಶನಿವಾರ ನಾನು ಮುಟ್ಟಿದಾಗ ಭಾವ ವರಾಂಡದಲ್ಲಿ ಸುಮ್ಮನೆ ಕೂತಿದ್ದರು. ವಾದ್ಯ ಡಬ್ಬಿಯೊಳಗಿತ್ತು.

"ರಾಜ್ಯೋತ್ಸವಕ್ಕ ಈ ಸಲ ನಾ ಬಾರ್ಸಂಗಿಲ್ಲ," ಎಂದರು. "ನಾಳೆ ಸಂಜಿಕೆ ಸೆಕ್ರೆಟರಿಗೆ ಫೋನ್ ಮಾಡಿ ಹೇಳಿಬಿಡ್ತೇನಿ. ಇನ್ನ ಅದನ್ನ ಮುಟ್ಟೂದೂ ಇಲ್ಲ."

ಕಾಲನಿಯ ಕನ್ನಡದವರ ಕೂಟದಲ್ಲಿ ಪ್ರತಿ ವರ್ಷ ಕಡೆಯ ಕಾರ್ಯಕ್ರಮ ಅವರದೇ. ಇಲ್ಲಿ ಹುಟ್ಟಿದ, ಕನ್ನಡ ಅರ್ಥವಾದರೂ ಆಡಲು ಬಾರದ ಮಕ್ಕಳು ಕೂಡ ಅದಕ್ಕೆಂದು ಕಾದು ಕೂತಿರುತ್ತಾರೆ.

"ಮೌತ್ ಆರ್ಗನ್ನs ಕೆಟ್ಟಿರಬೇಕ್ರಿ," ಎಂದೆ.

"ಅದು ಹೆಂಗ ಕೆಡ್ತದ? ಹದಿನೈದು ದಿನಕ್ಕೊಮ್ಮೆ ನೀ ಬಿಚ್ಚಿ ತೊಳಿಯಾಂವ. ಇಷ್ಟು ವರ್ಷ ವಿಮಾನದ ಕೆಲಸ ಮಾಡೇನಿ, ಯಾವ ಭಾಗ ಸವದದ ಅಂತ ನನಗ ತಿಳಿಯೂದಿಲ್ಲೇನು?" ಎಂದು ಎದೆಯ ಮೇಲೆ ಎರಡು ಬೆರಳಿನಿಂದ ತಟ್ಟಿ ತೋರಿಸಿದರು. "ಇದು. ಇದರ ಬಿಡಿ ಭಾಗ ಸಿಗೂದಿಲ್ಲ."

ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟೆ. ಒಬ್ಬ ಮನುಷ್ಯ ತನ್ನ ಪುಪ್ಪುಸದ ಮೇಲೆ ನಂಬಿಕೆ ಕಳೆದುಕೊಂಡದ್ದು ನನ್ನ ಸೋಮಾರಿತನವನ್ನು ನಂಬಿದ್ದರಿಂದ. ಅಂದು ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ಆಗಲೇ ಒಪ್ಪಿಕೊಳ್ಳಲಿಲ್ಲ. ಮೊದಲು ಬಿಚ್ಚಿ ನೋಡೋಣ, ಏನೂ ಇಲ್ಲದಿದ್ದರೆ ಬೈಗುಳ ತಪ್ಪುತ್ತದೆ ಎಂಬ ಗುಮಾಸ್ತನ ಬುದ್ಧಿ.

ಭಾನುವಾರ ಬೆಳಿಗ್ಗೆ ಹಿತ್ತಿಲ ಕಲ್ಲಿನ ಮೇಲೆ ಕೂತು ಎಷ್ಟೋ ತಿಂಗಳ ಮೇಲೆ ಸ್ಕ್ರೂ ಬಿಚ್ಚಿದೆ. ನಾಲ್ಕನೆಯ ತೂತಿನ ನಾಲಗೆಯ ಕೆಳಗೆ ಕೆಂಪಗಿನ ಏನೋ ಸಿಕ್ಕಿಕೊಂಡಿತ್ತು. ಸೂಜಿಯ ತುದಿಯಿಂದ ಎಬ್ಬಿಸಿ ಕಾಗದದ ಮೇಲಿಟ್ಟು ಮೂಸಿದೆ. ಬೆಳ್ಳುಳ್ಳಿ, ಖಾರ, ಶೇಂಗಾ. ನಮ್ಮ ಮನೆಯ ಶೇಂಗಾ ಚಟ್ನಿ! ವಾದ್ಯ ಜೋಡಿಸಿ ಊದಿದೆ. ಷಡ್ಜ ಖಣ್ಣೆಂದಿತು.

ಭಾವನ ಎದೆ ಗಟ್ಟಿಯಾಗಿದೆ ಎಂದು ಕುಣಿಯಬೇಕಿತ್ತು. ಆದರೆ ಅಷ್ಟರಲ್ಲಿ ಒಂದು ಪ್ರಶ್ನೆ ಎದ್ದಿತು. ಭಾವನಿಗೆ ಶೇಂಗಾ ತಿಂದರೆ ಕೆಮ್ಮು. ವರ್ಷಗಳಿಂದ ಅವರು ಅದರ ತಂಟೆಗೆ ಹೋಗಿಲ್ಲ. ಹಾಗಾದರೆ ಶೇಂಗಾ ತಿಂದ ಬಾಯಿಂದ ಇದನ್ನು ಊದಿದವರು ಯಾರು? ಮನೆಯಲ್ಲಿ ಉಳಿದವರು ಇಬ್ಬರೇ. ಅವ್ವನ ಮೇಲೆ ಅನುಮಾನ ಪಡುವುದು ದೇವರ ಮೇಲೆ ಪಟ್ಟಂತೆ. ಅಕ್ಕನೇ ಸರಿ ಎಂದುಕೊಂಡೆ. ಚಿಕ್ಕಂದಿನಲ್ಲಿ ನನ್ನ ಪೀಪಿಯನ್ನೂ ಕದ್ದು ಊದುತ್ತಿದ್ದಳು.

ಸುಮ್ಮನೆ ಕೇಳಿದ್ದರೆ ಆಗುತ್ತಿತ್ತು. ಆದರೆ ನನಗೆ ಕಿಡಿಗೇಡಿತನ ಹತ್ತಿಕೊಂಡಿತು. ಅಂಟವಾಳದ ಕಹಿ ನಾಲಗೆಗೆ ತಾಗಿದವರಿಗೇ ಗೊತ್ತು. ಬೇವು ಅದರ ಮುಂದೆ ಪೇಡೆ. ಗಟ್ಟಿಯಾಗಿ ಕಿವುಚಿದ ನೀರನ್ನು ತೂತುಗಳ ಅಂಚಿಗೆಲ್ಲ ಎರಡು ಸಲ ಹಚ್ಚಿ ನೆರಳಲ್ಲಿ ಒಣಗಿಸಿದೆ. ಕಣ್ಣಿಗೆ ಏನೂ ಕಾಣದು. ಭಾವ ಹೇಗೂ ಮುಟ್ಟುವುದಿಲ್ಲ ಎಂದಿದ್ದಾರೆ. ಮುಟ್ಟಿದವರೇ ಕಳ್ಳರು.

ಊಟವಾದ ಮೇಲೆ ಬಲೆಗೆ ಒಂದು ಅಡ್ಡಿ ಬಂತು. ಭಾವ ಮತ್ತು ಅಕ್ಕ ಗೆಳೆಯರೊಬ್ಬರ ಮನೆಯ ಸತ್ಯನಾರಾಯಣ ಪೂಜೆಗೆ ಹೊರಟರು. ಕಳ್ಳಿಯೇ ಹೋದ ಮೇಲೆ ಬಲೆ ಯಾತಕ್ಕೆ ಎಂದು ಬೇಸರವಾಗಿ ನಾನೂ ಕ್ಷೌರಕ್ಕೆ ಹೊರಟೆ. ಅಂಗಡಿಯಲ್ಲಿ ಆರು ಜನ ಕಾಯುತ್ತಿದ್ದರು. ಹಾಗೇ ತಿರುಗಿ ಬಂದು ಹಿತ್ತಿಲ ಬಾಗಿಲಿಗೆ ಕೈಯಿಡಬೇಕು, ಒಳಗಿಂದ ಧಾಟಿ ಕೇಳಿಸಿತು.

ಅದೇ ಸಿನಿಮಾ ಧಾಟಿ, ಅದೇ ದೋಣಿಯ ಪ್ರೇಮಿಗಳು. ನಡುವಿನ ತಿರುವು ಬಂತು. ಊದುವ ಬಾಯಿ ಎಡವಲಿಲ್ಲ, ಬೆಣ್ಣೆಯಂತೆ ಜಾರಿ ಆ ಕಡೆ ಇಳಿಯಿತು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಮರುಕ್ಷಣವೇ ಧಾಟಿ ತುಂಡಾಗಿ, "ಥೂ! ಥೂ ಥೂ ಥೂ!" ಎಂಬ ಸದ್ದು ಬಂತು.

ಒಳಗೆ ಹೋದೆ. ಎಪ್ಪತ್ತಾರು ವರ್ಷದ ನನ್ನ ಅವ್ವ, ಮಡಿಯ ಮಹಾರಾಣಿ, ಬಚ್ಚಲಿನ ಹತ್ತಿರ ಬಾಗಿ ನಿಂತಿದ್ದಳು. ತುಟಿಯ ಮೇಲೆ ಬಿಳಿ ನೊರೆ. ಮೂಗಿನ ಕೆಳಗೆ ಒಂದು ಗುಳ್ಳೆ ಕೂತಿತ್ತು. ಎಡಗೈಯಲ್ಲಿ ಎಂಜಲ ವಾದ್ಯ.

"ಏನವ್ವಾ ಇದು?"

"ಏನಿಲ್ಲ. ಬಾಯಿ ತೊಳಕೊಳ್ಳಿಕ್ಕತ್ತೇನಿ."

"ಮೌತ್ ಆರ್ಗನ್ನಿಲೆ?"

ಗುಳ್ಳೆ ಒಡೆಯಿತು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತ ನೆಲದ ಮೇಲೆ ಕೂತುಬಿಟ್ಟೆ. ಅವ್ವ ನಗಲಿಲ್ಲ. ಅವಳ ಮುಖ ನೋಡಿ ನನ್ನ ನಗೆಯೂ ನಿಂತಿತು.

"ಅವರು ದವಾಖಾನಿಯಿಂದ ಬಂದ ಮ್ಯಾಲೆ ಒಂದು ತಿಂಗಳು ಊದಲಿಲ್ಲ," ಎಂದಳು. "ಐದಾದ್ರೂ ಮನಿ ಸುಮ್ಮಗ ಇರ್ತಿತ್ತು. ನನಗ ಹೆದರಿಕಿ ಆಗ್ತಿತ್ತೋ. ಅದರ ದನಿ ಹೋಗೇದೇನಂತ ಒಮ್ಮೆ ಊದಿ ನೋಡಿದೆ. ಆಮ್ಯಾಲೆ ಬಿಡಲಿಕ್ಕೆ ಆಗಲಿಲ್ಲ. ಮುಂಜಾನೆ ಅವರಿಬ್ಬರೂ ವಾಕಿಂಗ್ ಹೋದಾಗ, ನಾ ಗುಳಿಗಿ ತಗೊಳ್ಳೂ ಮೊದಲ ಅರ್ಧಾ ಭಕ್ಕರಿ ತಿಂತೇನಲ್ಲ, ಆವಾಗ."

"ಭಕ್ಕರಿ ಜೋಡಿ ಶೇಂಗಾ ಚಟ್ನಿ."

"ಬಾಯಿ ಮುಕ್ಕಳಿಸಿ ಊದತಿದ್ದೆ."

"ಆ ಚಟ್ನಿ ನಾಲ್ಕನೇ ತೂತಿನ್ಯಾಗ ಸಿಕ್ಕೊಂಡಿತ್ತವ್ವಾ. ಅದಕ್ಕs ದನಿ ಬರ್ತಿದ್ದಿಲ್ಲ. ಭಾವ ತಮ್ಮ ಉಸಿರs ಹೋತು ಅಂತ ತಿಳಕೊಂಡಾರ."

ಅವ್ವ ಬಚ್ಚಲ ಕಟ್ಟೆಯ ಮೇಲೆ ಕೂತಳು. "ಈಚೀಚೆಗೆ ನನಗೂ ಅದು ಬರ್ತಿದ್ದಿಲ್ಲ, ನನಗs ಊದಲಿಕ್ಕೆ ತಿಳಿಯಂಗಿಲ್ಲ ಅಂತ ಬಿಟ್ಟಿದ್ದೆ," ಎಂದಳು. ಎಂಜಲು, ಎಂಜಲು ಎಂದು ನನ್ನ ತಲೆ ತಿಂದು ತೊಳೆಸುತ್ತಿದ್ದದ್ದು ಈಚೆಗೆ ಯಾರ ಎಂಜಲನ್ನು ಎಂದು ನನಗೆ ಆಗ ಹೊಳೆಯಿತು. "ಅಳಿಯನಿಗೆ ಅತ್ತಿ ಎಂಜಲಾ ತಿನಿಸಿಧಂಗಾತು," ಎಂದು ಸೆರಗಿನಿಂದ ತುಟಿ ಒರೆಸಿಕೊಂಡಳು. "ಅವರಿಗೆ ಗೊತ್ತಾದ್ರ ನಾ ಮುಖಾ ಹೆಂಗ ತೋರಸ್ಲಿ? ನನ್ನ ಹೆಸರು ಹೇಳಬ್ಯಾಡೋ."

ನಾನು ಮಾತು ಕೊಟ್ಟೆ. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಅವ್ವ ವಾದ್ಯವನ್ನು ಡಬ್ಬಿಗೆ ಸೇರಿಸಿ ಅಡುಗೆಮನೆ ಹೊಕ್ಕಳು. ಅದನ್ನು ಜಾಲಿಸಲು ಇಬ್ಬರಿಗೂ ನೆನಪಾಗಲಿಲ್ಲ.

ಐದು ಗಂಟೆಗೆ ಭಾವ ವರಾಂಡದ ಕುರ್ಚಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಫೋನಿನಲ್ಲಿ ಸೆಕ್ರೆಟರಿಯ ನಂಬರು ಹುಡುಕತೊಡಗಿದರು. ನಾನು ಅವರ ಎದುರು ಹೋಗಿ ನಿಂತೆ.

"ಭಾವಾ, ನಿಮ್ಮ ಉಸಿರಿಗೆ ಏನೂ ಆಗಿಲ್ರಿ. ತಪ್ಪು ನಂದು. ಇಷ್ಟು ತಿಂಗಳು ನಾ ಇದನ್ನ ಒಮ್ಮೆನೂ ಬಿಚ್ಚಿಲ್ಲ. ಸುಳ್ಳು ಹೇಳೇನಿ."

ಭಾವ ಕನ್ನಡಕದ ಮೇಲಿಂದ ನೋಡಿದರು. "ಕೆಲಸಾ ಮಾಡದನs ಆಗೇದಂತ ಹೇಳಿದೀ? ಕಾರ್ಖಾನ್ಯಾಗ ಇದ್ದಿದ್ರ ನಿನ್ನ ಗೇಟಿನ ಹೊರಗ ಹಾಕಿಸ್ತಿದ್ದೆ."

"ಹಾಕಿಸ್ರಿ. ಮೊದಲ ಇದನ್ನ ನೋಡ್ರಿ." ಕಾಗದ ಬಿಚ್ಚಿ ತೋರಿಸಿದೆ. "ನಾಲ್ಕನೇ ತೂತಿನ್ಯಾಗ ಸಿಕ್ತು. ಶೇಂಗಾ."

"ನಾ ಶೇಂಗಾ ತಿನ್ನಂಗಿಲ್ಲಲ್ಲ."

"ನಾ ತಿಂದು ಊದಿದ್ದೆ."

"ನೀ? ಎಲ್ಲೆ, ಊದು ನೋಡೂಣು."

ಡಬ್ಬಿ ತೆಗೆದು ಊದಿದೆ. ರಿವರ್ಸ್ ಬರುವ ಟೆಂಪೋದಂಥ ಸದ್ದು ಹೊರಟಿತು. ಅದರ ಹಿಂದೆಯೇ ನನ್ನದೇ ಕೈಯಿಂದ ಎರಡು ಸಲ ಹಚ್ಚಿದ ಅಂಟವಾಳ ನಾಲಗೆಗೆ ಏರಿತು. ನನ್ನ ಮುಖ ಹುಳ್ಳಗಾದದ್ದು ನೋಡಿ ಭಾವ ನಕ್ಕರು. ಆ ನಗೆಯಲ್ಲಿ ಸುಖವಿರಲಿಲ್ಲ.

"ನನ್ನ ಸಮಾಧಾನಕ್ಕಂತ ಅಡಗಿಮನಿಯಿಂದ ಒಂದು ಚೂರು ತಂದು ತೋರಸ್ಲಿಕ್ಕತ್ತೀ. ನಿನಗ ಸುಳ್ಳು ಹೇಳೂದು ರೂಢಿ ಆಗೇದ. ಹೋಗ್ಲಿ ಬಿಡೋ," ಎಂದು ನಂಬರು ಒತ್ತಿದರು. ರಿಂಗಾಗುವುದು ನನಗೂ ಕೇಳಿಸುತ್ತಿತ್ತು.

ಆಗ ಅಡುಗೆಮನೆಯ ಬಾಗಿಲು ಸರಿದು ಅವ್ವ ಹೊರಗೆ ಬಂದಳು. ನನ್ನ ಕಡೆ ನೋಡಲಿಲ್ಲ. ನೆಟ್ಟಗೆ ಬಂದು ಅಳಿಯನ ಎದುರಿನ ಕುರ್ಚಿಯ ಮೇಲೆ ಕೂತಳು. ಅಕ್ಕ ಕೈಯಲ್ಲಿದ್ದ ಪ್ರಸಾದದ ಡಬ್ಬಿ ಹಿಡಿದುಕೊಂಡು ಹಾಗೆಯೇ ನಿಂತಳು.

"ಫೋನ್ ಇಡ್ರಿ," ಎಂದಳು ಅವ್ವ, ಭಾವನ ಮುಖ ನೋಡಿ. "ಆ ಶೇಂಗಾ ನಂದು."

ನನ್ನ ಕೈಯಿಂದ ವಾದ್ಯ ಕಸಿದುಕೊಂಡು ಊದತೊಡಗಿದಳು. ಕಹಿಗೆ ಕಣ್ಣಲ್ಲಿ ನೀರು ಬಂತು. ನಿಲ್ಲಿಸಲಿಲ್ಲ. ತುಟಿಯ ಮೂಲೆಯಲ್ಲಿ ನೊರೆ ಎದ್ದಿತು. ನಿಲ್ಲಿಸಲಿಲ್ಲ. ತಿರುವನ್ನು ದಾಟಿ, ಧಾಟಿಯನ್ನು ನಾಲ್ಕನೆಯ ತೂತಿಗೆ ತಂದು ಮುಟ್ಟಿಸಿ, ಅಲ್ಲಿ ಉಸಿರು ಇರುವಷ್ಟು ಹೊತ್ತು ನಿಂತಳು.

"ಕೇಳಿದ್ರಿಲ್ಲೋ? ದನಿ ಅದ. ನಿಮ್ಮ ಉಸಿರು ಗಟ್ಟಿ ಅದ," ಎಂದಳು. "ಶ್ರಾವಣದಿಂದ ನಿಮಗ ನನ್ನ ಎಂಜಲಾ ಊದಿಸೇನಿ. ತಪ್ಪಾತು. ತಡೀರಿ, ತೊಳದು ಕೊಡ್ತೇನಿ."

ನಾನು ಅಂಟವಾಳದ ಬೋಗುಣಿ ತರಲು ಓಡಿದೆ. ತಂದು ನೋಡುವಷ್ಟರಲ್ಲಿ ಭಾವ ಅವಳ ಕೈಯಿಂದ ವಾದ್ಯ ತೆಗೆದುಕೊಂಡಾಗಿತ್ತು.

"ಇರ್ಲಿ ಬಿಡ್ರಿ ಅತ್ತಿ," ಎಂದು ಒರೆಸದೆಯೇ ಬಾಯಿಗಿಟ್ಟರು.

ನಾಲ್ಕನೆಯ ತೂತು. ಮೊದಲು ಅಳುಕುತ್ತ, ಆಮೇಲೆ ತುಂಬಿಕೊಂಡು ಷಡ್ಜ ಹೊರಟಿತು. ಭಾವ ಕಣ್ಣು ಮುಚ್ಚಿದ್ದರು. ಮೀಸೆಯ ಮೇಲೆ ಗುಳ್ಳೆಗಳು ಒಂದೊಂದಾಗಿ ಏಳುತ್ತಿದ್ದವು. ಕಹಿಗೆ ಅವರ ಹುಬ್ಬು ಗಂಟಿಕ್ಕಿತ್ತು. ಆದರೂ ಉಸಿರು ಮುಗಿಯಲಿಲ್ಲ, ಮುಗಿಯಲಿಲ್ಲ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ನಾನಂತೂ ಎರಡನ್ನೂ ಮಾಡುತ್ತಿದ್ದೆ.

ಸ್ಟೂಲಿನ ಮೇಲಿಟ್ಟಿದ್ದ ಫೋನಿನಿಂದ "ಹಲೋ, ಹಲೋ," ಎಂದು ಸೆಕ್ರೆಟರಿಯ ದನಿ ಬರುತ್ತಿತ್ತು. "ಕೇಳಿಸ್ತ್ರಿ, ಭಾಳ ಛಲೋ ಬಂದದ. ಈ ಸಲಾನೂ ಇದೇ ಧಾಟಿ ಅಂತ ಬರಕೊಳ್ಳಲೇನ್ರಿ?"

"ಬರಕೋರಿ," ಎಂದರು ಭಾವ, ಮೀಸೆ ಒರೆಸಿಕೊಳ್ಳುತ್ತ. ಫೋನು ಇಟ್ಟು ವಾದ್ಯವನ್ನು ಅವ್ವನ ಮುಂದೆ ಹಿಡಿದರು. "ಅತ್ತಿ, ನಡುವಿನ ತಿರುವು ನಿಮಗ ಹೆಂಗ ಬಂತ್ರಿ? ನಾ ಅಲ್ಲೇ ಎಡವ್ತೇನಿ. ಇನ್ನೊಮ್ಮೆ ಊದಿ ತೋರಸ್ರಿ."

ಅವ್ವ ಒಂದು ಗಳಿಗೆ ವಾದ್ಯವನ್ನು ನೋಡಿದಳು. ಆಮೇಲೆ ತೆಗೆದುಕೊಂಡು, ಅಳಿಯನ ನೊರೆ ಇನ್ನೂ ಆರದ ಆ ತೂತುಗಳಿಗೆ ಹಾಗೆಯೇ ತುಟಿ ಹಚ್ಚಿದಳು. ನಾನು ಅಂಟವಾಳದ ಬೋಗುಣಿ ಹಿಡಿದುಕೊಂಡು ನಿಂತೇ ಇದ್ದೆ. ಅದನ್ನು ಯಾರೂ ಕೇಳಲಿಲ್ಲ.